ಅಜ್ಜಿಗೆ ವಯಸ್ಸಾಯಿತು, ಅಷ್ಟೇ

ಎಪ್ಪತ್ತು ದಾಟಿದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಯಾರನ್ನು ಕೇಳಿದರೂ ಇಂಥ ಕಥೆ ಒಂದಾದರೂ ಇದ್ದೇ ಇರುತ್ತದೆ. ನನ್ನ ಹತ್ತಿರ ಮೂರಿವೆ, ಮೂರೂ ನಮ್ಮವ್ವನವೇ. ಅವಳಿಗಿದ್ದದ್ದು ಥೈರಾಯಿಡ್, ದಿನಕ್ಕೊಂದು ಮಾತ್ರೆ ನುಂಗಿದರೆ ಹತೋಟಿಗೆ ಬರುವಂಥದ್ದು. ಅದು ಗೊತ್ತಾಗುವಷ್ಟರಲ್ಲಿ ವರ್ಷವೇ ಕಳೆದು, ಅವಳ ಹಸು ಬಿಂಡಿಗನವಿಲೆಯ ನೆಂಟರ ಕೊಟ್ಟಿಗೆ ಸೇರಿತ್ತು. ನೆನೆಸಿಕೊಂಡರೆ ನಗು ಬರುತ್ತದೆ, ಜೊತೆಗೇ ಹೊಟ್ಟೆಯೂ ಉರಿಯುತ್ತದೆ.

ಪಾಂಡವಪುರದಲ್ಲಿ

ಡೈರಿಗೆ ಹಾಲಿನ ಕ್ಯಾನು ಹೊತ್ತು ಹೋಗುವಾಗ ಅವ್ವ ದಾರಿಯಲ್ಲೇ ಕೂತುಬಿಡತೊಡಗಿದಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅವ್ವನ ಕಡೆ ತಿರುಗದೆ ನನ್ನನ್ನೇ ಕೇಳಿದರು: "ಅಜ್ಜಿ ಊಟ ಮಾಡ್ತಾರಾ? ನಿದ್ದೆ ಬರುತ್ತಾ?" ಕೊನೆಗೆ, "ವಯಸ್ಸಾಯ್ತಲ್ಲ, ಅಷ್ಟೇ. ರೆಸ್ಟ್ ತಗೊಳ್ಳಲಿ" ಎಂದು ಟಾನಿಕ್ಕು ಬರೆದರು.

ಅವ್ವನೂ ನನ್ನ ಕಡೆಗೇ ತಿರುಗಿ, "ಡಾಕ್ಟ್ರುಗೆ ಕಣ್ಣು ಕಾಣ್ತದಾ ಕೇಳೇ" ಅಂದಳು.

ಕೊಟ್ಟಿಗೆಯಲ್ಲಿ

ಟಾನಿಕ್ಕು ಮುಗಿದರೂ ಸುಸ್ತು ಹೋಗಲಿಲ್ಲ. ಅಷ್ಟರಲ್ಲಿ ಹಸು ಮೇವು ಬಿಟ್ಟಿತು. ದನದ ಡಾಕ್ಟರು ಮನೆಗೇ ಬಂದು ಜ್ವರ ನೋಡಿ, ಕಣ್ಣು ಬಿಡಿಸಿ ನೋಡಿ, ಹೊಟ್ಟೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು.

"ಮುದಿ ಹಸ ಸಾಮಿ, ವಯಸ್ಸಿಗೇ ಇಂಗಾಗದೆ ಅಂತೀನಿ" ಎಂದಳು ಅವ್ವ.

"ವಯಸ್ಸಾದ್ರೆ ಇನ್ನೂ ಚೆನ್ನಾಗಿ ನೋಡ್ಬೇಕು ಕಣಮ್ಮ" ಎಂದರು ಅವರು.

ಅವ್ವ ಸೆರಗು ಸರಿಮಾಡಿಕೊಂಡು ಹಸುವಿನ ಪಕ್ಕಕ್ಕೆ ಹೋಗಿ ನಿಂತಳು. "ಅಂಗಾದ್ರೆ ಅದ್ನ ನಂಗೂ ಒಂಚೂರು ಇಟ್ ನೋಡ್ಬುಡಿ."

ನಾಗಮಂಗಲದಲ್ಲಿ

ಹಸು ವಾಸಿಯಾಯಿತು, ಅವ್ವ ಆಗಲಿಲ್ಲ. ಹಾಲು ಕರೆಯಲು ಕೂತರೆ ಏಳಲಾಗದೆ, ಒಂದು ದಿನ ತಾನೇ ಹಗ್ಗ ಬಿಚ್ಚಿ ನೆಂಟರ ಕೈಗೆ ಕೊಟ್ಟಳು. ಆಮೇಲೂ ಡೈರಿಯ ಹೊತ್ತಿಗೆ ಸರಿಯಾಗಿ ಜಗಲಿಗೆ ಬಂದು ಕೂರುತ್ತಿದ್ದಳು. ಅದನ್ನು ನೋಡಲು ನನಗಾಗುತ್ತಿರಲಿಲ್ಲ. ಬೇರೆ ಡಾಕ್ಟರಿಗೆ ತೋರಿಸೋಣವೆಂದು ಹೊರಡಿಸಿದೆ.

ಬಸ್ಸಿನಲ್ಲಿ ಅವ್ವ ಹೇಳಿದಳು: "ಈ ಸಲ ನೀನೇ ಪೇಶೆಂಟು ಕಣೇ. ನಂಗಿರೋದ್ನೆಲ್ಲ ನಿಂಗದೆ ಅನ್ನು."

ಹಾಗೇ ಹೇಳಿದೆ: ಸುಸ್ತು, ನಡೆದರೆ ಏದುಸಿರು, ಬೆಳಗ್ಗೆ ಮುಖ ಊತ, ಬಿಸಿಲಲ್ಲೂ ಚಳಿ. ಡಾಕ್ಟರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಇಷ್ಟು ದಿನ ಯಾಕೆ ಬಿಟ್ರಿ? ಥೈರಾಯಿಡ್ ಇರಬಹುದು, ಇವತ್ತೇ ರಕ್ತ ಕೊಡಿ" ಎಂದು ಪೆನ್ನು ತೆಗೆದರು. "ವಯಸ್ಸೆಷ್ಟು?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಮೇಜಿನ ಮೇಲೆ ತನ್ನ ತೋಳು ಚಾಚಿದಳು.

"ರಕ್ತ ನಂದು ತಗಳಿ ಸಾಮಿ. ವಯಸ್ಸು ಮಾತ್ರ ಇವಳ್ದೇ ಬರ್ಕಳಿ."