ಪಟ್ಟಿಯಲ್ಲಿಲ್ಲದ ವಕೀಲರು

ನೆವಿಲ್ ಹಾಲಿಂಗ್‌ವರ್ತ್‌ನ ಆ ಗುರುವಾರ ಕೆಟ್ಟದ್ದು ಬ್ಯಾಂಕಿನ ಹುಡುಗಿಯೊಬ್ಬಳ ಫೋನಿನಿಂದ. ಅವಳ ದನಿ ಎಷ್ಟು ನಯವಾಗಿತ್ತೆಂದರೆ, ಏನೋ ಎಡವಟ್ಟಾಗಿದೆ ಎಂದು ಅವನಿಗೆ ಮೊದಲ ಮಾತಿಗೇ ಖಾತ್ರಿಯಾಯಿತು. ಸಾಲಕ್ಕೆ ಬ್ಯಾಂಕು ಒಪ್ಪಿದೆ, ಕೊಳ್ಳುವ ಮನೆಯೂ ಒಪ್ಪಿಗೆಯಾಗಿದೆ, ಆದರೆ ಕ್ರಯಪತ್ರ ನೋಡಿಕೊಳ್ಳುತ್ತಿರುವ ವಕೀಲರು ಮಾತ್ರ ಬ್ಯಾಂಕಿನ ಪಟ್ಟಿಯಲ್ಲಿಲ್ಲ ಎಂದಳು. ಒಬ್ಬರೇ ನಡೆಸುವ ಕಚೇರಿಗಳನ್ನೆಲ್ಲ ಈಚೆಗೆ ಪಟ್ಟಿಯಿಂದ ಕೈಬಿಟ್ಟಿದ್ದಾರಂತೆ. ಸಂಜೆಯೊಳಗೆ ಪಟ್ಟಿಯಲ್ಲಿರುವ ಯಾರನ್ನಾದರೂ ನೇಮಿಸಿಕೊಳ್ಳದಿದ್ದರೆ ಸಾಲ ರದ್ದು. ಇಷ್ಟು ಹೇಳಿ, ನಿಮ್ಮ ದಿನ ಚೆನ್ನಾಗಿರಲಿ ಎಂದು ಹಾರೈಸಿ ಫೋನಿಟ್ಟಳು.

ನೆವಿಲ್ ಮ್ಯಾಟ್ಲಾಕ್ ಪೇಟೆಯ ಕಾರ್ಪೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮದುವೆಯಾದಾಗಿನಿಂದ ಅವನೂ ಹೆಂಡತಿ ಗ್ಲೆನಿಸಳೂ ಬಾಡಿಗೆಗಿದ್ದದ್ದು ಮೀನು ಕರಿಯುವ ಅಂಗಡಿಯ ಮಹಡಿಯ ಮೇಲೆ. ಎಷ್ಟು ಒಗೆದರೂ ಅಂಗಿಯಿಂದ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಕಾರ್ಪೆಟ್ ನೋಡಲು ಬಂದವರು ಅವನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಹಸಿವಾಗಿ ಊಟಕ್ಕೆ ಹೊರಟುಬಿಡುತ್ತಿದ್ದರು. ಈಗ ಕೊನೆಗೂ ಗುಡ್ಡದ ಬದಿಯಲ್ಲಿ, ಹಿತ್ತಲಲ್ಲಿ ಸೇಬಿನ ಮರವಿರುವ ಪುಟ್ಟ ಕಲ್ಲಿನ ಮನೆಯೊಂದು ಕೈಗೆ ಸಿಕ್ಕಿತ್ತು. ಗ್ಲೆನಿಸ್ ಆಗಲೇ ಕಿಟಕಿಗಳ ಅಳತೆ ತಂದು ಪರದೆ ಹೊಲಿದಿಟ್ಟಿದ್ದಳು. ತಿಂಗಳ ಕೊನೆಗೆ ಮಹಡಿ ಖಾಲಿ ಮಾಡುವುದಾಗಿ ಮೀನಿನಂಗಡಿಯವನಿಗೂ ಹೇಳಿಯಾಗಿತ್ತು, ಅವನು ಬೇರೆಯವರಿಂದ ಮುಂಗಡ ತೆಗೆದುಕೊಂಡೂ ಆಗಿತ್ತು. ಈ ಮನೆ ಕೈತಪ್ಪಿದರೆ ಗಂಡಹೆಂಡತಿ ಇಬ್ಬರೂ ಬೀದಿಗೆ ಬೀಳಬೇಕಿತ್ತು.

ಬೇರೆ ವಕೀಲರು ಸಿಗುವುದು ಕಷ್ಟವಾಗಲಿಲ್ಲ. ಪಟ್ಟಿಯಲ್ಲಿದ್ದ ಒಂದು ದೊಡ್ಡ ಕಚೇರಿಗೆ ಫೋನು ಮಾಡಿದ. ಮಿಸ್ ಕ್ರ್ಯಾಬ್‌ಟ್ರೀ ಎಂಬಾಕೆ ಚಕಚಕನೆ ವಿವರ ಕೇಳಿಕೊಂಡು, ಹಳೆಯ ವಕೀಲರಿಗೆ ಬೇಡವೆಂದು ಹೇಳಿ ಅವರಲ್ಲಿರುವ ಕಾಗದಪತ್ರ ತಂದುಕೊಟ್ಟರೆ ಮಿಕ್ಕದ್ದು ತನ್ನ ಜವಾಬ್ದಾರಿ ಎಂದಳು. ನೆವಿಲ್‌ಗೆ ನಿಜವಾದ ಕಷ್ಟ ಶುರುವಾದದ್ದು ಆಗಲೇ.

ಹಳೆಯ ವಕೀಲರೆಂದರೆ ಟನಿಕ್ಲಿಫ್. ನೆವಿಲ್‌ನ ಅಪ್ಪನ ಉಯಿಲು ಬರೆದವರು ಅವರೇ, ಅಪ್ಪನನ್ನು ಮಣ್ಣು ಮಾಡಿದ ದಿನ ಮಳೆಯಲ್ಲಿ ನೆನೆಯುತ್ತ ಕೊನೆಯವರೆಗೂ ನಿಂತವರು. ಈ ಕೆಲಸಕ್ಕೂ ಅರ್ಧ ಶುಲ್ಕ ಸಾಕೆಂದಿದ್ದರು. ಅಂಥವರ ಮುಂದೆ ನಿಂತು, ನೀವು ಬ್ಯಾಂಕಿಗೆ ಬೇಡವಂತೆ ಎನ್ನುವುದು ಹೇಗೆ? ನೆವಿಲ್ ಎಂಥವನೆಂದರೆ, ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೆ ಅವನೇ ಕ್ಷಮೆ ಕೇಳುತ್ತಿದ್ದ. ಹಿಂದೊಮ್ಮೆ ಕ್ಷೌರದಂಗಡಿ ಬದಲಾಯಿಸಿದವನು, ಹಳೆಯ ಕ್ಷೌರಿಕನ ಕಣ್ಣಿಗೆ ಬೀಳಬಾರದೆಂದು ವರ್ಷವಿಡೀ ಸುತ್ತುದಾರಿಯಲ್ಲಿ ಕೆಲಸಕ್ಕೆ ಬಂದಿದ್ದ.

ಮಧ್ಯಾಹ್ನದ ಊಟದ ಹೊತ್ತಿಗೆ ಧೈರ್ಯ ಮಾಡಿ ಹೋದ. ಟನಿಕ್ಲಿಫ್ ಅವನನ್ನು ಕಂಡದ್ದೇ ಕೆಟಲ್ ಇಟ್ಟರು. ಒಂದು ಕಪ್ ಚಹಾ ಆಯಿತು, ಶುಂಠಿ ಬಿಸ್ಕತ್ತು ಆಯಿತು, ಅಪ್ಪನ ಹಳೆಯ ಕ್ರಿಕೆಟ್ ಆಟದ ಮಾತಾಯಿತು. ನೆವಿಲ್ ಬಾಯಿ ತೆರೆದಾಗಲೆಲ್ಲ ಅವರು ಬಿಸ್ಕತ್ತಿನ ತಟ್ಟೆ ಮುಂದೆ ಮಾಡಿದರು. ಕೊನೆಗೆ ಅವನು ಹೊಟ್ಟೆ ತುಂಬಿಕೊಂಡು, ಥ್ಯಾಂಕ್ಸ್ ಹೇಳಿ, ಬಂದ ಕೆಲಸ ಬಿಟ್ಟು ಹೊರಬಂದ.

ಅಂಗಡಿಯ ಗಲ್ಲೆಯಲ್ಲಿ ಕೂರುವ ಮೋರೀನ್‌ಗೆ ಊರವರ ಕಷ್ಟವೆಂದರೆ ತನ್ನ ಸ್ವಂತದ್ದಕ್ಕಿಂತ ಹೆಚ್ಚು ಮುತುವರ್ಜಿ. ಬೆಳಗಿನ ಫೋನನ್ನೂ ಅವಳು ಪೂರ್ತಿ ಕೇಳಿಸಿಕೊಂಡಿದ್ದಳು. ಜೋಲುಮುಖ ಹಾಕಿಕೊಂಡು ಬಂದವನನ್ನು ಕಾರ್ಪೆಟ್ ಸುರುಳಿಯ ಮೇಲೆ ಕೂರಿಸಿ ವಿಚಾರಿಸಿಕೊಂಡಳು.

"ನಿಜ ಯಾಕ್ ಹೇಳೋಕೆ ಹೋಗ್ತೀಯ ನೆವಿಲ್? ಪಟ್ಟೀಲಿ ನಿಮ್ಮ ಹೆಸರಿಲ್ಲ ಅಂದ್ರೆ ಆ ಮುದುಕ ಅಲ್ಲೇ ಕುಸಿದು ಕೂತ್ಕೊಳ್ತಾರೆ. ಮನೆ ಕೊಳ್ಳೋ ಯೋಚನೇನೇ ಬಿಟ್ಬಿಟ್ಟೆ ಅನ್ನು. ಅವ್ರಿಗೂ ಅವಮಾನ ಇಲ್ಲ, ನಿಂಗೂ ತಲೆನೋವಿಲ್ಲ."

"ಆಮೇಲೆ ನಾನು ಆ ಮನೇಲೇ ಇರೋದನ್ನ ನೋಡಿದ್ರೆ?"

"ಬಾಡಿಗೆಗಿದ್ದೀನಿ ಅನ್ನು," ಎಂದಳು ಮೋರೀನ್, ಇಷ್ಟೂ ತಿಳಿಯದೇ ಎಂಬಂತೆ.

ಅಷ್ಟರಲ್ಲಿ ಮಿಸ್ ಕ್ರ್ಯಾಬ್‌ಟ್ರೀ ಫೋನು ಮಾಡಿ ಕಾಗದ ಎಲ್ಲಿ ಎಂದಳು. ಬೆನ್ನಿಗೇ ಗ್ಲೆನಿಸ್ ಫೋನು ಮಾಡಿ, ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬಲೇ ಎಂದು ಕೇಳಿದಳು. ತುಂಬು ಎಂದ ನೆವಿಲ್, ಮತ್ತೆ ಟನಿಕ್ಲಿಫ್ ಕಚೇರಿಗೆ ಓಡಿದ. ಈ ಸಲ ಕೆಟಲ್ ಕುದಿಯುವ ಮೊದಲೇ, ಗೋಡೆಯನ್ನು ನೋಡುತ್ತ, ಒಂದೇ ಉಸಿರಿಗೆ ಹೇಳಿ ಮುಗಿಸಿದ. ಮನೆ ಬೇಡವೆಂದು ತೀರ್ಮಾನಿಸಿದ್ದೇವೆ, ಅಡುಗೆಮನೆಗೆ ಬಿಸಿಲೇ ಬೀಳುವುದಿಲ್ಲ, ಗ್ಲೆನಿಸ್‌ಗೆ ಅದು ಸರಿಹೋಗುವುದಿಲ್ಲ.

ಟನಿಕ್ಲಿಫ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅವರ ಮುಖದ ಮೇಲೆ ನಿಧಾನವಾಗಿ ನಗು ಹರಡಿತು.

"ಬೇಜಾರ್ ಮಾಡ್ಕೋಬೇಡಪ್ಪ. ನಿಜ ಹೇಳ್ಬೇಕು ಅಂದ್ರೆ, ನಿನ್ನದೊಂದು ಕೆಲಸ ಮುಗಿಸಿಕೊಡೋಣ ಅಂತಾನೇ ಈ ಬಾಗಿಲು ತೆಗೆದಿಟ್ಟಿದ್ದೆ. ನನ್ನ ಹೆಂಡ್ತಿ ಬೆರಿಲ್ ದಿನಾ ಬೈತಿದ್ಲು, ಸಾಕು ಬನ್ನಿ ಮನೇಗೆ ಅಂತ. ಇವತ್ತಿಗೆ ನಾನೂ ಬಿಡುಗಡೆ."

ಇದೇ ಮಾತನ್ನು ಮೊದಲೇ ಕೇಳಿದ್ದರೆ ನೆವಿಲ್ ನಿಜವನ್ನೇ ಹೇಳಿಬಿಡುತ್ತಿದ್ದ. ಆದರೆ ಹೇಳಿದ ಸುಳ್ಳನ್ನು ಆ ಕ್ಷಣವೇ ವಾಪಸು ಪಡೆಯುವುದು ಸುಳ್ಳು ಹೇಳುವುದಕ್ಕಿಂತ ದೊಡ್ಡ ಅಸಭ್ಯತೆಯಂತೆ ಕಂಡಿತು. ಕಾಗದಪತ್ರಗಳನ್ನು ನೆನಪಿಗೆಂದು ಇಟ್ಟುಕೊಳ್ಳಲೇ ಎಂದು ತೊದಲಿದ. ಕೊಳ್ಳದ ಮನೆಯ ಕಾಗದ ಯಾವ ನೆನಪಿಗೆ ಎಂದು ಟನಿಕ್ಲಿಫ್ ಕೇಳಲಿಲ್ಲ. ಕಟ್ಟು ಕಟ್ಟಿ ಕೈಗಿತ್ತು, ಮಾರುವವರಿಗೆ ತಾವೇ ತಿಳಿಸುವುದಾಗಿ, ಆ ಚಿಂತೆ ಅವನಿಗೆ ಬೇಡವೆಂದು ಬೆನ್ನು ತಟ್ಟಿ ಕಳಿಸಿದರು. ಗೆದ್ದ ಗಾಬರಿಯಲ್ಲಿ ನೆವಿಲ್ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಕಚೇರಿ ಮುಚ್ಚುವ ಹೊತ್ತಿಗೆ ಸರಿಯಾಗಿ ಕಾಗದಗಳು ಮಿಸ್ ಕ್ರ್ಯಾಬ್‌ಟ್ರೀಯ ಮೇಜಿನ ಮೇಲಿದ್ದವು. ಅವನೆದುರಿಗೇ ಆಕೆ ಬ್ಯಾಂಕಿಗೆ ತಿಳಿಸಿದಳು, ಬ್ಯಾಂಕು ಸರಿ ಎಂದಿತು. ನೆವಿಲ್ ದಾರಿಯಲ್ಲಿ ಒಂದು ಕೇಕು ಕೊಂಡು ಮನೆಗೆ ಬಂದ. ಗ್ಲೆನಿಸ್ ಪೆಟ್ಟಿಗೆಗಳ ನಡುವೆ ಕುಣಿಯುವುದೊಂದು ಬಾಕಿ. ಇನ್ನು ಜನ್ಮದಲ್ಲಿ ಕರಿದ ಮೀನು ತಿನ್ನುವುದಿಲ್ಲವೆಂದು ಇಬ್ಬರೂ ಪಣ ತೊಟ್ಟರು.

ಕೇಕಿಗೆ ಚಾಕು ಇಡುವಷ್ಟರಲ್ಲಿ ಫೋನು ಬಂತು. ಟನಿಕ್ಲಿಫ್ ಅವರ ದನಿಗೆ ಹತ್ತು ವರ್ಷ ಕಡಿಮೆಯಾದಂತಿತ್ತು.

"ನೆವಿಲ್, ನಿನ್ನ ಒಂದು ಮಾತು ಕೇಳ್ದೆ ಮುಂದೆ ಹೋಗೋದು ಸರಿಯಲ್ಲ ಅಂತ ಫೋನ್ ಮಾಡ್ದೆ. ನೀನು ಬೇಡ ಅಂದಿದ್ದನ್ನ ಆ ಕಡೆಯವರಿಗೆ ಆಗ್ಲೇ ತಿಳಿಸ್ದೆ. ಮನೇಗೆ ಬಂದು ಬೆರಿಲ್‌ಗೆ ಹೇಳಿದ್ರೆ, ಅವಳು ಆ ಮನೇನ ಕೂಡ್ಲೇ ಹೋಗಿ ನೋಡೋಣ ಅಂದ್ಲು. ನೋಡಿದ್ವಿ. ಬಿಸಿಲು ಅಂದ್ರೆ ಅವಳಿಗೆ ತಲೆಶೂಲೆ, ಅಡುಗೆಮನೆ ಅಷ್ಟು ತಂಪಾಗಿರೋದು ನೋಡಿ ಅಲ್ಲೇ ನಿಂತ್ಬಿಟ್ಲು. ನಮ್ಮದು ಕೈಲಿರೋ ದುಡ್ಡು, ಬ್ಯಾಂಕು ಗೀಂಕು ಅಂತ ಕಾಯ್ಬೇಕಾಗಿಲ್ಲ. ನಾವೇ ತಗೊಳ್ತೀವಿ ಅಂದ್ವಿ, ಅವರಂತೂ ಖುಷಿಯಾಗಿ ಒಪ್ಪಿದ್ರು. ಆದ್ರೆ ನೀನು ಇಷ್ಟಪಟ್ಟಿದ್ದ ಮನೆ. ನಿಂಗೆ ಒಂಚೂರು ಬೇಸರ ಆಗುತ್ತೆ ಅಂದ್ರೂ ಹೇಳು, ಈಗ್ಲೇ ಬಿಟ್ಬಿಡ್ತೀವಿ."

ನೆವಿಲ್ ಬಾಯಿ ತೆರೆದ. ಒಂದೇ ಒಂದು ಮಾತು ಹೇಳಬೇಕಿತ್ತು. ಫೋನಿನ ಆ ಕಡೆ ಬೆರಿಲ್ ಯಾವುದೋ ಹಾಡು ಗುನುಗುತ್ತಿರುವುದು ಕೇಳಿಸಿತು. ಅವನ ನಾಲಿಗೆ ಮಾತ್ರ ತನ್ನ ಹಳೆಯ ದಾರಿಯನ್ನೇ ಹಿಡಿಯಿತು.

"ಬೇಸರ ಎಂಥದ್ದು, ಟನಿಕ್ಲಿಫ್ ಅವ್ರೇ. ತುಂಬಾ ಸಂತೋಷ."

"ದೊಡ್ಡ ಮನಸ್ಸಪ್ಪ ನಿಂದು, ಥೇಟ್ ನಿಮ್ಮಪ್ಪನ ಹಾಗೆ. ಇನ್ನೊಂದು ಉಪಕಾರ ಆಗ್ಬೇಕಲ್ಲ. ನಾನೋ ಕಚೇರಿಗೆ ಬೀಗ ಹಾಕ್ದೆ. ಈ ಕೆಲಸಕ್ಕೆ ನಂಬಿಕಸ್ಥ ವಕೀಲರು ಯಾರಾದ್ರೂ ನಿಂಗೆ ಗೊತ್ತಾ?"

ನೆವಿಲ್ ಮಿಸ್ ಕ್ರ್ಯಾಬ್‌ಟ್ರೀಯ ನಂಬರು ಕೊಟ್ಟ. ಮನೆಯ ಕಾಗದಗಳೆಲ್ಲ ಆಗಲೇ ಆಕೆಯ ಮೇಜಿನ ಮೇಲೆ ಸಿದ್ಧವಾಗಿವೆ ಎಂಬುದನ್ನು ಮಾತ್ರ, ಅವರಿಗೆ ಬೇಜಾರಾದೀತೆಂದು, ಹೇಳಲಿಲ್ಲ.