ತವನಪ್ಪನ ಹಿತ್ತಲದ ಆಡೂ

ಹಾಲು ಹಾಕಲು ಬಂದ ರುಕ್ಮವ್ವನ ಮುಂದೆ ತವನಪ್ಪ ಮಗೆಣ್ಣವರ ಆ ಆದಿತ್ಯವಾರ ಬೆಳಿಗ್ಗೆ ಒಂದು ಮಾತು ಹೆಚ್ಚಿಗೆ ಆಡಿದ. ಉಗಾರ ಖುರ್ದದಲ್ಲಿ ಅವತ್ತು ನಡೆದದ್ದಕ್ಕೆಲ್ಲ ಅದೊಂದೇ ಕಾರಣ.

"ರುಕ್ಮವ್ವಾ, ಇವತ್ತ ಒಂದ ಲೀಟರ್ ಜಾಸ್ತಿ ಹಾಕ. ಅಥಣಿಯಿಂದ ಸಾಹೇಬ್ರು ಬರಾಕತ್ತಾರ. ನಮ್ಮ ಹಿತ್ತಲದಾಗ ಆಡೂ ಕೊಯ್ಯೂದೈತಿ."

ಹಾಲು ಅಳೆಯುತ್ತಿದ್ದ ರುಕ್ಮವ್ವನ ಕೈ ಗಾಳಿಯಲ್ಲೇ ನಿಂತಿತು. "ಯಾರು ಕೊಯ್ಯಾವರು?"

"ನಾನ! ಮತ್ಯಾರ? ನಾಕ ವರ್ಷ ಮಗೀನಂಗ ಜ್ವಾಕಿ ಮಾಡೇನಿ. ಬ್ಯಾರೇದವರ ಕೈಯಾಗ ಚೂರಿ ಕೊಡ್ಲೇನು? ನೀನೂ ಮಧ್ಯಾಹ್ನ ಬಾ, ಒಂದ ತುಣುಕ ಬಾಯಾಗ ಹಾಕ್ಕೊಂಡ ಹೋಗೀಯಂತ."

ರುಕ್ಮವ್ವ ಎರಡು ಹೆಜ್ಜೆ ಹಿಂದೆ ಸರಿದಳು. ತವನಪ್ಪನದು ಕಟ್ಟಾ ಜೈನ ಮನೆತನ. ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ತುತ್ತು ಎತ್ತುವುದಿಲ್ಲ, ಸೋಸದ ನೀರು ಕುಡಿಯುವುದಿಲ್ಲ, ಬಟಾಟಿ ಉಳ್ಳಾಗಡ್ಡಿ ಹೊಸ್ತಿಲು ದಾಟುವುದಿಲ್ಲ. ಅಂಥ ಮನೆಯ ಯಜಮಾನ ಮುಂಜಾನೆ ಎದ್ದು ನಗುನಗುತ್ತ ಆಡು ಕೊಯ್ಯುವ ಮಾತಾಡುತ್ತಿದ್ದಾನೆ! ಅವಳು ಲೀಟರು ಹಾಲನ್ನು ಹೇಗೆ ಸುರಿದಳೋ, ಹೇಗೆ ಓಡಿದಳೋ. ಅವತ್ತು ಉಳಿದ ಮನೆಗಳಿಗೆ ಹಾಲು ತಡವಾಗಿ ಬಂತು, ಸುದ್ದಿ ಬೇಗ ಬಂತು.

ಪಾಪ, ತವನಪ್ಪ ಹೇಳಿದ್ದು ಹಣ್ಣಿನ ಮಾತು. ಅವನ ಹೆಂಡತಿ ಸುಗಂಧಾಳ ತಮ್ಮ ಧನಪಾಲ ಮಿಲಿಟರಿಯಲ್ಲಿದ್ದ. ನಾಲ್ಕು ವರ್ಷದ ಹಿಂದೆ ರಜೆಗೆ ಬರುವಾಗ ಉತ್ತರದ ಬೆಟ್ಟಗಳ ಕಡೆಯಿಂದ ಪೀಚ್ ಹಣ್ಣಿನ ಮೂರು ಸಸಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದ. "ಅಲ್ಲಿ ಮಂದಿ ಇದಕ್ಕ ಆಡೂ ಅಂತಾರ ಮಾಮಾ" ಎಂದಿದ್ದ. ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ತವನಪ್ಪನಿಗೆ ಸುತ್ತ ಹತ್ತು ಊರಿನಲ್ಲಿ ಯಾರ ಬಳಿಯೂ ಇಲ್ಲದ ಗಿಡವೊಂದು ತನ್ನ ಬಳಿ ಇದೆ ಎಂಬುದೇ ದೊಡ್ಡ ಪದವಿಯಾಯಿತು. ಒಂದು ಸಸಿ ಬಿಸಿಲಿಗೆ ಸತ್ತಿತು. ಇನ್ನೊಂದನ್ನು ಗೆದ್ದಲು ತಿಂದಿತು. ಮೂರನೆಯದು, ಆ ವರ್ಷ ಬಿದ್ದ ಗಟ್ಟಿ ಚಳಿಯ ಪುಣ್ಯವೋ ಏನೋ, ಹೂ ಬಿಟ್ಟು ಒಂಬತ್ತು ಕಾಯಿ ಹಿಡಿಯಿತು.

ಕಾಯಿಗಳ ಆಕಾರ ಮಾತ್ರ ವಿಚಿತ್ರ. ಧನಪಾಲ ಹೇಳಿದಂತೆ ಗುಂಡಗಿರಲಿಲ್ಲ; ಯಾರೋ ಒಂದೊಂದರ ಮೇಲೂ ಐದು ನಿಮಿಷ ಕುಳಿತು ಎದ್ದುಹೋದಂತೆ ಚಪ್ಪಟೆಯಾಗಿದ್ದವು. ಇದು ರೋಗವೋ, ಅಪರೂಪದ ಜಾತಿಯೋ? ತವನಪ್ಪನಿಗೆ ನಿದ್ದೆ ಹತ್ತಲಿಲ್ಲ. ಅಥಣಿಗೆ ಹೋಗಿ ತೋಟಗಾರಿಕೆಯ ರಾಜಾರಾಮ ಸಾಹೇಬರನ್ನು ಕಂಡ. "ಬರೇ ಕೇಳಿ ಜಾತಿ ಹೇಳಾಕ ಆಗೂದಿಲ್ರಿ. ಕೊಯ್ದು ಒಳಗ ನೋಡಬೇಕು. ಆದಿತ್ವಾರ ಬರ್ತೀನಿ" ಎಂದಿದ್ದರು ಅವರು. ಆ 'ಕೊಯ್ಯೂದು' ತವನಪ್ಪನ ಬಾಯಿಗೆ ಅಂಟಿಕೊಂಡಿತ್ತು.

ಎಂಟು ಗಂಟೆಗೆ ಪಕ್ಕದ ಮನೆಯ ಲಗಮಣ್ಣ ಬಂದ. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಏನೋ ಇತ್ತು. ಬಾಗಿಲನ್ನು ತಾನೇ ಮುಚ್ಚಿ, ಪಿಸುಗುಟ್ಟಿದ.

"ತವನಪ್ಪಣ್ಣಾ, ಎಷ್ಟ ಅದಾವ್ರಿ?"

ಸುದ್ದಿ ಇಷ್ಟು ಬೇಗ ಹಬ್ಬಿತಲ್ಲ ಎಂದು ತವನಪ್ಪ ಹಿಗ್ಗಿದ. "ಒಂಬತ್ತು."

"ಒಂಬತ್ತೂ ಇವತ್ತ?"

"ಛೇ, ಮದಲ ಒಂದ ಕೊಯ್ದ ಒಳಗ ಹ್ಯಾಂಗ ಐತಿ ನೋಡೂದು. ಕೆಂಪ ಐತೋ, ಬೆಳ್ಳಗ ಐತೋ."

"ಒಳಗ ಕೆಂಪನ ಇರತೈತಿ ಬಿಡ್ರಿ" ಎಂದ ಲಗಮಣ್ಣ ಅನುಭವಸ್ಥನಂತೆ. "ಮೈಮ್ಯಾಲ ಕೂದ್ಲ ಹ್ಯಾಂಗ ಅದಾವು?"

"ಸಣ್ಣಾವು, ರೇಶಿಮಿಯಂಗ. ಸಿಪ್ಪಿ ಸುಲೀಬೇಕೋ, ಹಂಗ ತಿನ್ನಬೇಕೋ, ಅದ ತಿಳೀವಲ್ದು."

ಲಗಮಣ್ಣ ಉಗುಳು ನುಂಗಿದ. "ಸುಲೀಬೇಕ್ರಿ. ಸುಲೀದ ಯಾರೂ ತಿನ್ನೂದಿಲ್ಲ. ಆದ್ರೂ ಇಷ್ಟ ದಿನಾ ಹೊರಗ ಒಬ್ಬರಿಗೂ ಸುಳಿವು ಸಿಗಲಿಲ್ಲಲ್ಲ?"

"ಹ್ಯಾಂಗ ಸಿಗತೈತಿ? ಒಂದೊಂದಕ್ಕೂ ಅರಿವಿ ಚೀಲಾ ಹಾಕಿ ಬಾಯಿ ಬಿಗದೇನಿ!"

ಲಗಮಣ್ಣ ತವನಪ್ಪನನ್ನು ಮೇಲಿಂದ ಕೆಳಗೆ ನೋಡಿದ. ಇಪ್ಪತ್ತು ವರ್ಷ ಪಕ್ಕದಲ್ಲಿದ್ದೂ ಈ ಮನುಷ್ಯನನ್ನು ತಾನು ತಿಳಿದಿರಲಿಲ್ಲ ಎಂಬ ಭಾವ ಅವನ ಮುಖದಲ್ಲಿತ್ತು. ಪೇಪರ್ ಬಿಚ್ಚಿ ಮೊಳದುದ್ದದ ಚೂರಿಯನ್ನು ಕಟ್ಟೆಯ ಮೇಲಿಟ್ಟ. "ಇದ ಇರ್ಲಿ. ಅಡಗಿಮನಿ ಚಾಕೂಲೆ ಆಗೂ ಕೆಲಸಲ್ಲ ಅದು. ನಾ ಯಾರಿಗೂ ಹೇಳೂದಿಲ್ಲ" ಎಂದು ಹೋದ. ಒಂದು ಹಣ್ಣಿಗೆ ಇಷ್ಟು ದೊಡ್ಡ ಚೂರಿಯೇ ಎಂದು ತವನಪ್ಪನಿಗೆ ಅನ್ನಿಸಿತಾದರೂ, ನೆರೆಯವರ ಪ್ರೀತಿ ದೊಡ್ಡದು ಎಂದುಕೊಂಡ.

ಸ್ವಲ್ಪ ಹೊತ್ತಿಗೆ ಸುಗಂಧಾ ಬಸದಿಯಿಂದ ಬಂದಳು. ಬಂದಳು ಅನ್ನುವುದಕ್ಕಿಂತ, ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿದಳು.

"ರೀ, ಊರಾಗ ಏನ ಹೇಳೀರಿ ನೀವು? ಗಂಗೂಬಾಯಿ ನನ್ನ ನೋಡಿ ಮೂಗಿಗಿ ಸೆರಗ ಹಿಡಕೊಂಡ್ಳು. 'ಮನ್ಯಾಗ ಅಂಥಾದ್ದ ಇಟಗೊಂಡ ಬಸದಿಗಿ ಬರಾಕ ಕಾಲರೇ ಹ್ಯಾಂಗ ಎದ್ದೂವ ಬೇ' ಅಂದ್ಳು!"

"ನಾ ಏನ ಹೇಳೇನಿ? ರುಕ್ಮವ್ವಗ ಆಡೂ ಕೊಯ್ಯೂದೈತಿ ಅಂದೆ..."

ಅಂದವನೇ ತವನಪ್ಪ ಅಲ್ಲೇ ನಿಂತ. ಕಟ್ಟೆಯ ಮೇಲಿನ ಚೂರಿಯನ್ನು ನೋಡಿದ. ಲಗಮಣ್ಣ ಕೇಳಿದ ಒಂದೊಂದು ಪ್ರಶ್ನೆಯೂ ತಿರುಗಿ ಬಂದು ಎದೆಗೆ ಗುದ್ದಿತು.

"ಪೀಚ್ ಅನ್ನಾಕ ಬಾಯಾಗ ಹುಣ್ಣಾಗಿತ್ತೇನು?" ಸುಗಂಧಾ ಹಣೆ ಚಚ್ಚಿಕೊಂಡಳು. "ಗುರುವಾರ ಮಂಗಲನ ಸಾಖರಪುಡಾ ಐತಿ. ಐನಾಪುರದ ಬೀಗರ ಕಿಂವಿಗಿ ಬಿದ್ರ ಮುಗೀತು. ಹೋಗ್ರಿ, ಮದಲ ಹೋಗಿ ಸರಿ ಮಾಡಿ ಬರ್ರಿ!"

ಮಗಳ ನಿಶ್ಚಯದ ಮಾತು ಕೇಳಿ ತವನಪ್ಪ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದ. ಸ್ಟೇಷನ್ ರಸ್ತೆಯ ಅಣ್ಣಾಸಾಬನ ಚಹದಂಗಡಿಯಲ್ಲಿ ಹತ್ತು ಜನ ಕುಳಿತಿದ್ದರು. ಇವನನ್ನು ಕಂಡೊಡನೆ ಮಾತು ನಿಂತಿತು.

"ಕೇಳ್ರೋ, ಅದು ಆಡಲ್ಲ! ಆಡೂ! ಆಡೂ... ಊ... ಊ..."

ಎಷ್ಟು ಎಳೆದರೂ ಅವರಿಗೆ ವ್ಯತ್ಯಾಸ ತಿಳಿಯಲಿಲ್ಲ. ತವನಪ್ಪ ಪಶ್ಚಾತ್ತಾಪದಿಂದ ಅಳುತ್ತಿದ್ದಾನೆ ಎಂದುಕೊಂಡರು. ಅಣ್ಣಾಸಾಬ ಎದ್ದು ಬಂದು ಬೆನ್ನು ಸವರಿದ. "ಅಳಬ್ಯಾಡ್ರಿ ಸರ್. ಆದದ್ದಾತು."

"ಏನೂ ಆಗಿಲ್ಲೋ ಮಾರಾಯಾ! ಖರೇ ಅಂದ್ರ ಬಂದ ನೋಡ್ರಿ, ಎಲ್ಲಾ ಗಿಡದಾಗ ಜೋತ ಬಿದ್ದಾವು."

"ಆಗಲೇ ಕೊಯ್ದ ಗಿಡಕ್ಕ ಜೋತ ಹಾಕಿದ್ರ್ಯಾ?" ಎಂದು ಒಬ್ಬ ಕೂಗಿದ. ಇನ್ನೊಬ್ಬ ಕುಡಿಯುತ್ತಿದ್ದ ಚಹಾ ಚೆಲ್ಲಿದ.

ಬಾಯಿ ತೆರೆದಷ್ಟೂ ಕೆಡುತ್ತದೆ ಎಂದು ತವನಪ್ಪ ಮನೆಗೆ ತಿರುಗಿದ. ಅಷ್ಟರಲ್ಲಿ ಮನೆಯ ಮುಂದೆ ಒಂದು ಟೆಂಪೋ ನಿಂತಿತ್ತು. ಅದರಿಂದ ಬಿಳಿ ಟೊಪ್ಪಿಗೆಯ ನಾಲ್ಕು ಹಿರಿಯರೂ, ಅವರ ಮುಂದೆ ಭೀಮಗೊಂಡ ಪಾಟೀಲರೂ ಇಳಿಯುತ್ತಿದ್ದರು. ಪಾಟೀಲರೆಂದರೆ ಐನಾಪುರದ ಬಸದಿಯ ಹಿರಿಯರು, ದ್ರಾಕ್ಷಿ ತೋಟದ ಧಣಿ, ಮಂಗಲಳ ಮಾವನಾಗಬೇಕಾದವರು. ಬೆಳಗಿನ ಬಸ್ಸು ಸುದ್ದಿಯನ್ನು ಟಿಕೆಟ್ಟಿಲ್ಲದೆ ಐನಾಪುರಕ್ಕೆ ಮುಟ್ಟಿಸಿತ್ತು. ಓಣಿಯ ಜನವೆಲ್ಲ ಅಂಗಳದಲ್ಲಿ ನೆರೆದಿತ್ತು.

"ತವನಪ್ಪಾ!" ಭೀಮಗೊಂಡರದು ಕಾರ್ಖಾನೆಯ ಭೋಂಗಾದಂಥ ದನಿ. "ಎಲ್ಲಿ ಅದಾವು? ಒಂಬತ್ತೂ ಜೀವಾ ಈಗಿಂದೀಗ ಟೆಂಪೋ ಹತ್ತಬೇಕು!"

ತವನಪ್ಪ ಬೀಗರ ಕೈ ಹಿಡಿದು, ಹಿರಿಯರನ್ನಷ್ಟೇ ಕರೆದುಕೊಂಡು, ಮನೆಯೊಳಗಿಂದ ಹಿತ್ತಲಕ್ಕೆ ಹೋಗಿ ಬಾಗಿಲು ಹಾಕಿಕೊಂಡ. ಆಳೆತ್ತರದ ಗಿಡದ ಮುಂದೆ ನಿಂತು, ಒಂದು ಚೀಲದ ದಾರ ಬಿಚ್ಚಿದ. ಕೆಂಪು ಕೆನ್ನೆಯ, ಚಪ್ಪಟೆ, ನವಿರು ನವಿರಾದ ಹಣ್ಣು ಹೊರಬಂತು.

"ಇದ ನೋಡ್ರಿ ನನ್ನ ಆಡೂ" ಎಂದ.

ಹಿರಿಯರು ಹಣ್ಣನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು. ಅದೇ ಹೊತ್ತಿಗೆ ಸುಗಂಧಾ ರಾಜಾರಾಮ ಸಾಹೇಬರನ್ನು ಒಳಗೆ ಕರೆತಂದಳು. ಅವರು ಜೇಬಿನ ಚಾಕು ತೆಗೆದು ಹಣ್ಣನ್ನು ಎರಡು ಹೋಳು ಮಾಡಿ, ತಿರುಳು ನೋಡಿ, ಬೀಜ ನೋಡಿ, ಮೂಸಿ, ಒಂದು ತುಣುಕು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ರೋಗಲ್ರಿ. ಇದರ ಜಾತೀನ ಚಪ್ಪಟಿ. ಬೆಳ್ಳನ ತಿರುಳು, ಹುಳಿ ಹೆಸರಿಗಷ್ಟ, ಬರೇ ಸಕ್ಕರಿ. ಈ ಸೀಮ್ಯಾಗ ಇಂಥಾ ಗಿಡಾ ನಾ ಒಂದೂ ನೋಡಿಲ್ಲ. ಮಳಿಗಾಲದಾಗ ಬರ್ತೀನಿ, ಇಕಾ, ಈ ಕೊಂಬಿ ಕಣ್ಣ ತಗದು ಕಸಿ ಕಟ್ಟೋಣು. ಅಲ್ಲೀತನಕ ಗಿಡಾ ಜ್ವಾಕಿ."

ತವನಪ್ಪನಿಗೆ ಕುಣಿಯಬೇಕೆನ್ನಿಸಿತು. ಉಳಿದ ಹಣ್ಣುಗಳನ್ನೂ ಬಿಡಿಸಿ ಹಂಚಿದ. ಐನಾಪುರದ ಹಿರಿಯರು ಧರ್ಮಕ್ರೋಧದಿಂದ ಹಸಿದು ಬಂದಿದ್ದರು. ಒಂದು ಚೂರೂ ಉಳಿಯಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಭೀಮಗೊಂಡರೊಬ್ಬರನ್ನು ಬಿಟ್ಟು. ಸಾಹೇಬರು ಚಹಾ ಕುಡಿದು ಹೋದ ಮೇಲೆ ಅವರು ತವನಪ್ಪನನ್ನು ಬಚ್ಚಲ ಗೋಡೆಯ ಮರೆಗೆ ಕರೆದರು.

"ಬೀಗರ, ನಿಮ್ಮದ ತಪ್ಪಿಲ್ಲ. ಆದ್ರ ನನ್ನ ಗತಿ ನೋಡ್ರಿ. ಬಸದ್ಯಾಗ ನೂರ ಮಂದಿ ಮುಂದ 'ಜೀವಾ ಉಳಿಸಿ ಬರ್ತೀನಿ' ಅಂತ ಆಣಿ ಮಾಡಿ ಬಂದೇನಿ. ಅಲ್ಲಿ ಹಾರ ಹಿಡಕೊಂಡ ಕಾಯಾಕತ್ತಾರ. ಹೋಗಿ ಏನ ಹೇಳ್ಲಿ? ಪೀಚ್ ತಿಂದ ಬಂದೇನಿ ಅನ್ಲೇನು?"

"ಮತ್ತ ನಾ ಏನ ಮಾಡ್ಲ್ರಿ?"

"ತಪ್ಪಾತು ಅನ್ರಿ. ಕೊಯ್ಯಾವ ಇದ್ದೆ, ನೀವು ಬಂದ ಕಣ್ಣ ತೆರಿಸಿದ್ರಿ ಅನ್ರಿ. ಅಷ್ಟ ಸಾಕು. ಗುರುವಾರದ ಕಾರ್ಯಾ ನಾ ನಡಸತೀನಿ."

ತವನಪ್ಪ ಬಾಯಿ ತೆರೆದ. ಅಡುಗೆಮನೆಯ ಕಿಟಕಿಯಲ್ಲಿ ಮಂಗಲಳ ಮುಖ ಕಂಡಿತು. ಬಾಯಿ ಮುಚ್ಚಿದ.

ಉಳಿಸಲು ಒಂದು ಜೀವವಾದರೂ ಬೇಕಲ್ಲ? ಲಗಮಣ್ಣನ ಮನೆಯಲ್ಲಿ ಕಪ್ಪನೆಯ ಒಂದು ಆಡು ಇತ್ತು. ಭೀಮಗೊಂಡರು ಅವನನ್ನು ಕರೆಸಿ, ಎಲ್ಲ ಹೇಳಿ, ಅವನ ಬಾಯಿಯನ್ನೂ ಸೇರಿಸಿ ಆಡನ್ನು ಕೊಂಡರು. ಹಿತ್ತಲ ಬಾಗಿಲಿನಿಂದ ಒಳಗೆ ಬಂದ ಆಡು ಚೆಂಡು ಹೂವಿನ ಹಾರ ಹಾಕಿಕೊಂಡು ಮುಂಬಾಗಿಲಿನಿಂದ ಹೊರಗೆ ಹೋಯಿತು. "ಎಂಟ ಓಡಿ ಹೋಗ್ಯಾವ, ಒಂದ ಸಿಕ್ಕೈತಿ!" ಎಂದು ಭೀಮಗೊಂಡರು ಸಾರಿದರು. ಆಮೇಲೆ ಅಹಿಂಸೆಯ ಮೇಲೆ ಅರ್ಧ ಗಂಟೆ ಮಾತಾಡಿದರು. ಗಂಗೂಬಾಯಿ ಕಣ್ಣೊರೆಸಿಕೊಂಡಳು. ತವನಪ್ಪ ಉರಿ ಬಿಸಿಲಲ್ಲಿ ಬರಿಗಾಲಲ್ಲಿ ನಿಂತು, ಕನಸಿನಲ್ಲೂ ಮಾಡದ ಪಾಪಕ್ಕೆ ಕೈ ಮುಗಿದು, "ತಪ್ಪಾತ್ರಿ" ಎಂದ. ಜನ ಜೈಕಾರ ಹಾಕಿತು.

ಟೆಂಪೋ ಹತ್ತುವಾಗ ತವನಪ್ಪ ಆಡಿನ ಹಗ್ಗವನ್ನು ಬೀಗರ ಕೈಗೆ ಕೊಡಹೋದ. ಅವರು ಹಾವು ಕಂಡವರಂತೆ ಕೈ ಎಳೆದುಕೊಂಡರು.

"ನಮ್ಮ ಮನ್ಯಾಗ? ದ್ರಾಕ್ಷಿ ತೋಟಾ ಐತ್ರಿ! ಇದು ಹೊಕ್ಕರ ಒಂದ ಬಳ್ಳಿ ಉಳಿದೀತೇನು? ನಿಮ್ಮಲ್ಲೇ ಇರ್ಲಿ. ಆದ್ರ ಕಟ್ಟಬ್ಯಾಡ್ರಿ ಮತ್ತ. ಉಳಿಸಿದ ಜೀವಕ್ಕ ಹಗ್ಗಾ ಹಾಕಿದ್ರ ದೋಷ. ಗುರುವಾರ ಬಂದಾಗ ನೋಡ್ತೀನಿ." ತಾವೇ ಬಗ್ಗಿ ಆಡಿನ ಕೊರಳ ಹಗ್ಗ ಬಿಚ್ಚಿ, ಅದನ್ನು ಮನೆಯೊಳಕ್ಕೆ ಅಟ್ಟಿದರು.

ಟೆಂಪೋ ತಿರುವು ದಾಟಿದ್ದೇ ತಡ, ತವನಪ್ಪ ಹಿತ್ತಲಕ್ಕೆ ಓಡಿದ. ಆಡು ಹಾರವನ್ನು ಆಗಲೇ ಮುಗಿಸಿತ್ತು. ಈಗ ಹಿಂಗಾಲ ಮೇಲೆ ನಿಂತು, ಮುಂಗಾಲುಗಳನ್ನು ಪೀಚ್ ಗಿಡದ ಕವಲಿಗೆ ಊರಿ, ಮದುವೆ ಪಂಕ್ತಿಯಲ್ಲಿ ಕೂತವರ ನಿಧಾನದಲ್ಲಿ ಚಿಗುರು ಮೇಯುತ್ತಿತ್ತು. ಕಾಂಡದ ತೊಗಟೆ ಒಂದು ಮಗ್ಗುಲು ಸುಲಿದುಹೋಗಿತ್ತು. ಕಸಿಗೆಂದು ಸಾಹೇಬರು ಬೆರಳಿಟ್ಟು ತೋರಿಸಿದ್ದ ಕೊಂಬೆ ಮೊಂಡಾಗಿ ನಿಂತಿತ್ತು.

ತವನಪ್ಪ ಮೂಲೆಯ ಬಡಿಗೆಯನ್ನು ಎತ್ತಿದ. ಅಷ್ಟರಲ್ಲಿ ತನ್ನ ಆಡಿಗೆ ಹಿಡಿ ಹುಲ್ಲು ಕೊಟ್ಟುಹೋಗಲು ಬಂದಿದ್ದ ಲಗಮಣ್ಣ ಅವನ ಕೈ ಹಿಡಿದ.

"ಬ್ಯಾಡ ತವನಪ್ಪಣ್ಣಾ! ಹೊಡದ್ರ ಇದು ಒದರತೈತಿ. ಒದರಿದ್ರ, ತವನಪ್ಪ ಮತ್ತ ಸುರು ಮಾಡಿದಾ ಅಂತಾರ. ಟೆಂಪೋ ಇನ್ನ ರೈಲ್ವೆ ಗೇಟ್ ದಾಟಿಲ್ಲ!"

ತವನಪ್ಪ ಬಡಿಗೆ ಕೆಳಗಿಟ್ಟ. ಆಡು ಒಮ್ಮೆ ಅವನ ಕಡೆ ನೋಡಿ, ಕವಲು ಬದಲಿಸಿ, ಮತ್ತೊಂದು ಕೊಂಬೆಗೆ ಬಾಯಿ ಹಾಕಿತು.