ಮಾವ ಕಾರು ಬಿಟ್ಟು ಲಾರಿ ಹಿಡಿದದ್ದು

ಮಂಗಳೂರಿನಲ್ಲಿ ನನ್ನ ಸೋದರಮಾವನಷ್ಟು ಪರೀಕ್ಷೆ ಮಾಡುವವರು ಇನ್ನೊಬ್ಬರಿಲ್ಲ. ಶಾಲಾ ಮಾಸ್ತರರನ್ನೂ ಸೇರಿಸಿಯೇ ಹೇಳುತ್ತೇನೆ! ಒಮ್ಮೆ ಛತ್ರಿ ಕೊಳ್ಳಲು ಹೋಗಿ, ಅಂಗಡಿಯ ಅಷ್ಟೂ ಛತ್ರಿಗಳನ್ನು ಬಿಡಿಸಿ, ಒಂದೊಂದರ ಕೆಳಗೂ ನಿಂತು ನೋಡುವಷ್ಟರಲ್ಲಿ ಮಳೆಗಾಲವೇ ಮುಗಿದಿತ್ತು. ಅಂಥವರು ಗಾಡಿ ಕೊಳ್ಳುತ್ತೇನೆಂದರೆ?

ಆಗಷ್ಟೇ ಎರಡನೇ ಮಹಾಯುದ್ಧ ಮುಗಿದಿತ್ತು. ಕೊಡಿಯಾಲ್‌ಬೈಲಿನಲ್ಲಿ ಪೊರ್ಬುಗಳ, ಅಂದರೆ ಒಬ್ಬ ಕ್ರೈಸ್ತ ಯಜಮಾನರ, ಅಂಗಳದಲ್ಲಿ ಎರಡು ಗಾಡಿಗಳು ಮಾರಾಟಕ್ಕಿದ್ದವು. ಒಂದು ಹಳೆಯ ಕಪ್ಪು ಕಾರು. ನಾಲ್ಕು ಬಾಗಿಲು, ಕಿಟಕಿಗೆ ಪರದೆ, ಮದುಮಗನ ಠೀವಿ. ಇನ್ನೊಂದು, ಯಾರೋ ಮೀನು ಸಾಗಿಸಿ ಬಿಟ್ಟಿದ್ದ ಪುಟ್ಟ ಲಾರಿ, ಹಿಂದೆ ತೆರೆದ ತೊಟ್ಟಿಯದು. ಅದರ ಬಣ್ಣ ಯಾವುದೆಂದು ಪೊರ್ಬುಗಳಿಗೂ ಗೊತ್ತಿರಲಿಲ್ಲ.

"ಕಾರೇ ಆಗ್ಬೇಕು. ಲಾರಿಯಲ್ಲಿ ಹೋಗ್ಲಿಕ್ಕೆ ನಾನೆಂತ ಬಂಗುಡೆ ಮೀನಾ?" ಎಂದರು ಅತ್ತೆ.

"ನಿಲ್ಲು ಮಾರಾಯ್ತಿ, ಪರೀಕ್ಷೆ ಮಾಡಿ ನೋಡುವ."

ಮೊದಲು ಕಾರು. ಮಾವನೇ ಓಡಿಸಿದರು; ಪಕ್ಕದಲ್ಲಿ ಪೊರ್ಬುಗಳು, ಹಿಂದೆ ಅತ್ತೆ ಮತ್ತು ನಾನು. ಹಂಪನಕಟ್ಟೆಯವರೆಗೆ ರಾಜರ ಹಾಗೆ ಹೋದೆವು. ಇಳಿಯಬೇಕೆಂದರೆ ಬಾಗಿಲು ತೆರೆಯಬೇಕಲ್ಲ? ನಾಲ್ಕರಲ್ಲಿ ಒಂದೂ ಅಲುಗಲಿಲ್ಲ!

"ಅಷ್ಟು ಭದ್ರ ಉಂಟು," ಎಂದರು ಪೊರ್ಬುಗಳು, ಹೆಮ್ಮೆಯಿಂದ.

ಅತ್ತೆ ರೇಷ್ಮೆ ಸೀರೆಯಲ್ಲಿ ಕಿಟಕಿಯಿಂದ ಇಳಿಯುವುದನ್ನು ನೋಡಲು ಅಂಗಡಿಯವರೆಲ್ಲ ತಕ್ಕಡಿ ಕೆಳಗಿಟ್ಟು ಹೊರಗೆ ಬಂದರು.

"ಆದ್ರೂ ಸೀಟು ಮೆತ್ತಗೆ ಉಂಟು," ಎಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತಾ. ಹಟವೆಂದರೆ ಅದು!

ಮಾರನೆಯ ದಿನ ಲಾರಿ. ಅದಕ್ಕೆ ಹಾರ್ನು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅದರ ಸದ್ದಿಗೆ ಎದುರಿನ ಜಟಕಾದ ಕುದುರೆ ತಾನಾಗಿಯೇ ಚರಂಡಿಗೆ ಇಳಿಯಿತು. ಹಿಂದಿರುಗಿ ನೋಡುತ್ತೇನೆ, ವಾಸನೆ ಹಿಡಿದು ಬಂದ ಬೆಕ್ಕುಗಳ ಮೆರವಣಿಗೆ!

"ಇದೇ ಇರ್ಲಿ," ಎಂದುಬಿಟ್ಟರು ಮಾವ.

ಅತ್ತೆ ಮೂರು ದಿನ ಮಾತು ಬಿಟ್ಟರು. ನಾವೆಲ್ಲ ನಕ್ಕು ನಕ್ಕು ಸುಸ್ತಾದೆವು.

ಭಾನುವಾರ ಬೆಳಿಗ್ಗೆ ಲಾರಿ ನಮ್ಮ ಮನೆಯ ಎದುರು ಬಂದು ನಿಂತಿತು. ತೊಟ್ಟಿಯನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಬೈಹುಲ್ಲು ಹರಡಿ, ಅದರ ಮೇಲೆ ಹಾಸಿಗೆ ಹಾಸಿದ್ದರು. ನನ್ನ ಅಮ್ಮ, ಅಂದರೆ ಮಾವನ ಅಕ್ಕ, ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಬೆನ್ನು ಹೋಗಿ, ಮಲಗಿದಲ್ಲೇ ವರ್ಷವಾಗಿತ್ತು. ಕೂರಲು ಆಗುತ್ತಿರಲಿಲ್ಲ. ಯಾವ ಕಾರಿನ ಬಾಗಿಲಲ್ಲೂ ಅವಳನ್ನು ಒಳಗೆ ಹಾಕುವಂತಿರಲಿಲ್ಲ.

"ಅಕ್ಕ, ಲೈಟ್‌ಹೌಸ್ ಗುಡ್ಡಕ್ಕೆ ಹೋಗಿ ಬರುವ. ಸಮುದ್ರ ನೋಡದೆ ಎಷ್ಟು ಸಮಯ ಆಯ್ತು ನೀನು?"

ನಾಲ್ಕು ಜನ ಸೇರಿ ಅಮ್ಮನನ್ನು ಎತ್ತಿ ಮಲಗಿಸಿದೆವು. ಅತ್ತೆ ತೊಟ್ಟಿಗೆ ಹತ್ತಿ, ಅಮ್ಮನ ತಲೆಯನ್ನು ತಮ್ಮ ಮಡಿಲಿಗೆ ಎತ್ತಿಕೊಂಡರು.

ಗುಡ್ಡದ ಮೇಲೆ ಮಾವ ಲಾರಿಯ ಹಿಂಭಾಗವನ್ನು ಪಡುವಣಕ್ಕೆ ತಿರುಗಿಸಿ ನಿಲ್ಲಿಸಿದರು. ಅಮ್ಮ ನೋಡಿದಳು. ನೋಡುತ್ತಲೇ ಇದ್ದಳು.

"ಸಾಕಾ ಅಕ್ಕ? ಹೋಗುವನಾ?"

"ಇಲ್ಲ. ಸ್ವಲ್ಪ ಇರುವ."

"ಇರುವ," ಎಂದ ಮಾವ ಲಾರಿಯ ಮುಂಭಾಗಕ್ಕೆ ಹೋಗಿ, ಬಾನೆಟ್ ಎತ್ತಿ, ಏನೂ ಕೆಡದ ಎಂಜಿನನ್ನು ತುಂಬ ಹೊತ್ತು ಒರೆಸುತ್ತಾ ನಿಂತರು.